ಶುಭಾಶಯ ಬಂತು, ರೇಟು ಎಲ್ಲಿ?

ನಂಜನಗೂಡಿನ ರಥಬೀದಿಯ ಆಸುಪಾಸಿನಲ್ಲಾಗಲಿ, ಟಿ. ನರಸೀಪುರದ ಬಸ್ ನಿಲ್ದಾಣದ ಸುತ್ತಮುತ್ತಲಾಗಲಿ, ಫೋನಿನಲ್ಲಿ ಸಿಗದ ಅಂಗಡಿ ಈಗ ಕಡಿಮೆ. ವಾಟ್ಸ್‌ಆ್ಯಪ್ ನಂಬರನ್ನು ಬೋರ್ಡಿನ ಮೇಲೆಯೇ ಬರೆಸಿರುತ್ತಾರೆ. ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ ಖಾತೆಗಳೂ ಇರುತ್ತವೆ. ಆದರೆ ಅವುಗಳೊಳಗೆ ಹೋಗಿ ನೋಡಿದರೆ ಬೇಸರವಾಗುತ್ತದೆ. ಯುಗಾದಿಗೆ ಒಂದು ಶುಭಾಶಯ, ದೊಡ್ಡಜಾತ್ರೆಗೆ ಒಂದು, ದೀಪಾವಳಿಗೆ ಇನ್ನೊಂದು. ನಡುವೆ ಎಲ್ಲಿಂದಲೋ ತೆಗೆದುಕೊಂಡ ಇಂಗ್ಲಿಷ್ ಚಿತ್ರ. ಅದರ ಕೆಳಗೆ ಯಾರೋ ಪಾಪ 'ರೇಟ್ ಎಷ್ಟು ಸರ್?' ಎಂದು ಕೇಳಿರುತ್ತಾರೆ. ಉತ್ತರವೇ ಇರುವುದಿಲ್ಲ. ಇದ್ದರೂ 'ಇನ್‌ಬಾಕ್ಸ್ ನೋಡಿ' ಎಂದಿರುತ್ತದೆ.

ಸಾಮಾಜಿಕ ಜಾಲತಾಣವನ್ನು ನಮ್ಮ ಸಣ್ಣ ಊರುಗಳ ವ್ಯಾಪಾರ ಬಳಸುತ್ತಿರುವ ರೀತಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಗಲ್ಲಾ ಮುಂದೆ ನಿಂತ ಗಿರಾಕಿ ಬೆಲೆ ಕೇಳಿದರೆ ಯಾವ ಅಂಗಡಿಯವರೂ ಸುಮ್ಮನಿರುವುದಿಲ್ಲ. ಅದೇ ಗಿರಾಕಿ ಫೋನಿನಲ್ಲಿ ಕೇಳಿದರೆ ಮೌನ. ಬೆಲೆಯನ್ನು ಮುಚ್ಚಿಟ್ಟರೆ ಪೈಪೋಟಿಯವರಿಗೆ ತಿಳಿಯುವುದಿಲ್ಲ ಎಂಬ ಲೆಕ್ಕಾಚಾರ ಹಲವರದು. ಪಕ್ಕದಂಗಡಿಯವರಿಗೆ ಅದು ಮೊದಲೇ ಗೊತ್ತಿರುತ್ತದೆ. ಗೊತ್ತಾಗದೆ ಉಳಿಯುವವರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಕೊಳ್ಳಲು ಸಿದ್ಧರಿರುವವರು ಮಾತ್ರ.

ನಂಜನಗೂಡು, ನರಸೀಪುರಗಳ ಬಗ್ಗೆಯೇ ಹೇಳಲು ಕಾರಣವಿದೆ. ಹೆಸರು ಗಳಿಸಲು ಬೇರೆಯವರು ಲಕ್ಷಗಟ್ಟಲೆ ಸುರಿಯುತ್ತಾರೆ. ಇಲ್ಲಿನ ಸರಕಿಗೆ ಹೆಸರು ಮೊದಲೇ ಇದೆ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಊರಿನ ಹೆಸರನ್ನೇ ಹೊತ್ತು ಮನೆಮನೆಯ ಬಚ್ಚಲು ಸೇರಿತು. ಭತ್ತದ ಹೊಟ್ಟಿನ ಬೂದಿಯಿಂದಾದ ಆ ಪುಡಿಯ ನೆನಪು ಹಳೇ ಮೈಸೂರು ಸೀಮೆಯ ಹಿರಿಯರಲ್ಲಿ ಇನ್ನೂ ಹಸಿರಾಗಿದೆ. ಅಂಥ ನೆನಪು ಹಣ ಕೊಟ್ಟರೂ ಸಿಗದ ಬಂಡವಾಳ. 'ನಮ್ಮ ಅಜ್ಜಿ ಇದರಲ್ಲೇ ಹಲ್ಲುಜ್ಜುತ್ತಿದ್ದರು' ಎಂದು ಒಬ್ಬರು ಬರೆದರೆ ಅದರ ಕೆಳಗೆ ಮಾತು ಬೆಳೆಯುತ್ತದೆ. ಹಾಗೆ ಬರೆಯಲು ಗಿರಾಕಿಯನ್ನು ಕರೆಯುವುದೇ ಜಾಲತಾಣದ ನಿಜವಾದ ಉಪಯೋಗ.

ರಸಬಾಳೆಯದು ಇನ್ನೂ ಗಂಭೀರ ವಿಷಯ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿ ಸುಮಾರು ಎರಡು ದಶಕವಾಯಿತು. ಆದರೆ ಪನಾಮ ಸೊರಗು ರೋಗ ತೋಟಗಳನ್ನು ತಿಂದುಹಾಕಿದ್ದರಿಂದ ಬೆಳೆ ತೀರಾ ಕುಗ್ಗಿದೆ. ಮಣ್ಣಿನಲ್ಲೇ ವರ್ಷಾನುಗಟ್ಟಲೆ ಉಳಿಯುವ ಶಿಲೀಂಧ್ರದಿಂದ ಬರುವ ರೋಗವಿದು. ಒಮ್ಮೆ ತಗುಲಿದ ಜಮೀನಿನಲ್ಲಿ ಮತ್ತೆ ರಸಬಾಳೆ ನೆಡಲು ರೈತ ಹೆದರುತ್ತಾನೆ. ಹಣ್ಣು ಕಡಿಮೆ, ಕೇಳುವವರು ಹೆಚ್ಚು. ಇದೇ ಕುಲಕ್ಕೆ ಸೇರಿದ ರಸ್ತಾಳಿ ತಮಿಳುನಾಡಿನಲ್ಲಿ ಧಾರಾಳವಾಗಿ ಬೆಳೆಯುತ್ತದೆ. ನೋಟದಲ್ಲಿ ಎರಡನ್ನೂ ಬೇರೆ ಮಾಡುವುದು ಸಾಮಾನ್ಯ ಗಿರಾಕಿಗೆ ಕಷ್ಟ. ಹಾಗಾಗಿ ರಸಬಾಳೆ ಕೊಳ್ಳುವವರ ಮೊದಲ ಪ್ರಶ್ನೆ ಬೆಲೆಯದಲ್ಲ. 'ಇದು ನಿಜಕ್ಕೂ ನಂಜನಗೂಡಿನದೇ?' ಎಂಬುದು.

ಆ ಪ್ರಶ್ನೆಗೆ ಉತ್ತರ ಕೊಡಲು ಫೋನಿಗಿಂತ ಒಳ್ಳೆಯ ಸಾಧನ ಇಲ್ಲ. ಗಿಡ ನೆಟ್ಟ ದಿನದ ಒಂದು ಫೋಟೋ, ಗೊನೆ ಬಿಟ್ಟಾಗ ಒಂದು, ಕಡಿಯುವ ಹಿಂದಿನ ದಿನ ಅದೇ ಗೊನೆಯ ಪಕ್ಕದಲ್ಲಿ ನಿಂತ ರೈತನ ಅರ್ಧ ನಿಮಿಷದ ವಿಡಿಯೋ, ಅಷ್ಟು ಸಾಕು. 'ಅಣ್ಣಾ, ಈ ಸಲದ ಗೊನೆ ಯಾವಾಗ ಕಡೀತೀರಾ?' ಎಂದು ವಾಯ್ಸ್ ಮೆಸೇಜ್ ಬಂದರೆ, 'ಬರೋ ಸೋಮವಾರ ಕಣಮ್ಮ, ಎಂಟು ಚಿಪ್ಪು ಅದೆ, ನಿಮಗೆ ಎರಡು ಇಟ್ಟಿರ್ತೀನಿ' ಎಂದು ವಾಯ್ಸ್‌ನಲ್ಲೇ ಉತ್ತರ ಹೋಗಬೇಕು. ಇದಕ್ಕೆ ಬರೆಯಲು ಬರಬೇಕೆಂದೂ ಇಲ್ಲ, ಇಂಗ್ಲಿಷ್ ಬೇಕೆಂದೂ ಇಲ್ಲ. ರೋಗ ಬಂದು ತೋಟ ಹೋಯಿತು ಎಂದರೆ ಅದನ್ನೂ ಹೇಳಲಿ. ಹಣ್ಣು ಏಕೆ ದುಬಾರಿ ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಸಾವಿರ ಲೈಕ್ ಬಂದರೆ ವ್ಯಾಪಾರ ಬಂದಂತೆ ಎಂದು ನಂಬಿಸುವವರಿದ್ದಾರೆ. ದುಡ್ಡು ಕೊಟ್ಟು ಫಾಲೋವರ್ಸ್ ಕೊಳ್ಳುವವರೂ ಇದ್ದಾರೆ. ವಾಟ್ಸ್‌ಆ್ಯಪ್ ಬೇರೆ ದಾರಿ ತೋರಿಸುತ್ತದೆ. ವ್ಯಾಪಾರಕ್ಕೆಂದೇ ಇರುವ ಅದರ ಆ್ಯಪ್ 2018ರಿಂದ ನಮ್ಮಲ್ಲಿದೆ. ಸರಕಿನ ಫೋಟೋ ಮತ್ತು ಬೆಲೆಯನ್ನು ಕ್ಯಾಟಲಾಗ್‌ನಲ್ಲಿ ಹಾಕಿಡಬಹುದು, ಅದಕ್ಕೆ ಖರ್ಚಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಈ ನಿಯಮ ನನಗೆ ಇಷ್ಟ. ಗಿರಾಕಿ ನಿಮ್ಮನ್ನು ಬೇಕೆಂದು ಇಟ್ಟುಕೊಂಡಿರಬೇಕು. ದಿನಕ್ಕೆ ನಾಲ್ಕು ಸಲ ಗುಡ್ ಮಾರ್ನಿಂಗ್ ಕಳಿಸಿದರೆ ಅವರೇ ಬ್ಲಾಕ್ ಮಾಡುತ್ತಾರೆ.

ಟಿ. ನರಸೀಪುರಕ್ಕೆ ಬರೋಣ. ಮೈಸೂರು ಸಿಲ್ಕ್ ಸೀರೆ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆ. ಆ ಸೀರೆಯ ನೂಲು ತೆಗೆಯುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಘಟಕ ಇರುವುದು ನರಸೀಪುರದಲ್ಲಿ ಎಂದು ಉಡುವವರಲ್ಲಿ ಎಷ್ಟು ಜನರಿಗೆ ಗೊತ್ತು? ಬಿಸಿನೀರಿನಲ್ಲಿ ಬೆಂದು ಅಂಟು ಸಡಿಲವಾದ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಎದ್ದು, ಹಲವು ಸೇರಿ ಒಂದು ದಾರವಾಗುವುದು ನೋಡಬೇಕಾದ ಕೆಲಸ. ಈ ಸೀರೆಗಾಗಿ ಬೆಂಗಳೂರಿನ ಮಳಿಗೆಯ ಮುಂದೆ ಬೆಳಕು ಹರಿಯುವ ಮುಂಚೆಯೇ ಹೆಂಗಸರು ಸಾಲು ನಿಂತ ವಿಡಿಯೋ ದೇಶವೆಲ್ಲ ಸುತ್ತಿತು. ಸೀರೆಗೆ ಅದರದೇ ಸಂಖ್ಯೆ ಇದೆ, ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇದೆ. ಇಷ್ಟೆಲ್ಲ ಹೇಳಿಕೊಳ್ಳಲು ಇರುವಾಗ, ನೂಲು ತೆಗೆಯುವ ಕೈಗಳನ್ನು ಸೀರೆ ಉಡುವವರಿಗೆ ತೋರಿಸುವ ಕೆಲಸಕ್ಕೆ ಸಿಗಬೇಕಾದ ಮಹತ್ವ ಸಿಕ್ಕಿಲ್ಲ. ಮುಂದಿನ ಸ್ಟಾಕ್ ಯಾವ ದಿನ, ಯಾವ ಮಳಿಗೆಗೆ ಎಂದು ಮುಂಚೆಯೇ ಪ್ರಕಟಿಸಿದರೆ ಸಾಲಿನಲ್ಲಿ ನಿಂತವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮೊದಲೇ ಹೇಳುವುದಕ್ಕೂ ಆಮೇಲೆ ಸಮಜಾಯಿಷಿ ಕೊಡುವುದಕ್ಕೂ ಎಷ್ಟು ಅಂತರ ಎಂಬುದನ್ನು 2025ರ ಮೇ ತಿಂಗಳಲ್ಲಿ ನೋಡಿದೆವು. ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದ ಸುದ್ದಿ ಹೊರಬಿದ್ದಾಗ, ಕನ್ನಡದ ಕಲಾವಿದರು ಇರಲಿಲ್ಲವೇ ಎಂದು ಜನ ಜಾಲತಾಣದಲ್ಲಿ ಕೇಳಿದರು. ಹೊರರಾಜ್ಯದ ಮಾರುಕಟ್ಟೆ ಹಿಡಿಯುವುದು ಉದ್ದೇಶ ಎಂದು ಸಚಿವ ಎಂ.ಬಿ. ಪಾಟೀಲರು ಎಕ್ಸ್‌ನಲ್ಲಿ ವಿವರಿಸಿದರು. ಕಾರಣ ಸರಿಯೋ ತಪ್ಪೋ, ಅಷ್ಟರಲ್ಲಿ ಹಳೆಯ ಗಿರಾಕಿಯ ಮನಸ್ಸು ನೊಂದಾಗಿತ್ತು.

ನರಸೀಪುರ ತಾಲ್ಲೂಕಿನಲ್ಲೇ ಇರುವ ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿಂದ ತಲಕಾಡಿಗೆ, ತ್ರಿವೇಣಿ ಸಂಗಮಕ್ಕೆ ಹೋಗುವವರು ಊಟದ ಹೊತ್ತಿಗೆ ಫೋನು ತೆಗೆದು ಮ್ಯಾಪ್ ನೋಡುತ್ತಾರೆ. ಬಾಗಿಲು ಹಾಕಿದ ಹೋಟೆಲು 'ತೆರೆದಿದೆ' ಎಂದು ತೋರಿಸಿದರೆ ಹಸಿದು ಬಂದವರು ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ. ಸಮಯ ತಿದ್ದಲು ಐದು ನಿಮಿಷ ಸಾಕು. ಬೈದು ಬರೆದವರಿಗೆ 'ತಪ್ಪಾಯ್ತು, ಇನ್ನೊಮ್ಮೆ ಬನ್ನಿ' ಎಂದು ಉತ್ತರಿಸಿದರೆ ಮುಂದೆ ಓದುವವರಿಗೆ ಮಾಲೀಕರ ಗುಣ ತಿಳಿಯುತ್ತದೆ.

ಒಂದು ಎಚ್ಚರಿಕೆಯೂ ಬೇಕು. ಈ ಜಾಲತಾಣಗಳು ನಮ್ಮ ಸ್ವಂತದ್ದಲ್ಲ. ಖಾತೆ ಯಾವತ್ತು ಬೇಕಾದರೂ ಬಂದ್ ಆಗಬಹುದು, ಹ್ಯಾಕ್ ಆಗಬಹುದು. ಖಾಯಂ ಗಿರಾಕಿಗಳ ಹೆಸರು, ನಂಬರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರಲಿ.

ಈ ಎರಡೂ ಊರಿನ ವ್ಯಾಪಾರಸ್ಥರಲ್ಲಿ ನನ್ನ ಕೋರಿಕೆ: ಮುಂದಿನ ಹಬ್ಬದ ಶುಭಾಶಯ ಹಾಕುವ ಮೊದಲು ನಿಮ್ಮ ಪುಟದ ಹಳೆಯ ಕಾಮೆಂಟುಗಳನ್ನು ತೆಗೆದು ನೋಡಿ. ಉತ್ತರ ಸಿಗದೆ ಉಳಿದ ಪ್ರಶ್ನೆಗಳಿಗೆ ಕನ್ನಡದಲ್ಲಿ, ಬೆಲೆ ಸಮೇತ ಉತ್ತರ ಬರೆಯಿರಿ.