ಪಣಿಕ್ಕರರ ಎರಡು ಪುಸ್ತಕಗಳು

ಸರ್ದಾರ್ ಕೆ. ಎಂ. ಪಣಿಕ್ಕರರ ಹೆಸರೆತ್ತಿದರೆ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಕಾಸರಗೋಡು. 1955ರಲ್ಲಿ ವರದಿ ಒಪ್ಪಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಅವರೊಬ್ಬರು. ಕನ್ನಡನಾಡು ಒಂದಾಗಬೇಕೆಂದ ಆ ವರದಿಯೇ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಲೆಂದಿತು. ನೋವು ನಿಜ, ಆದರೆ ಸಹಿ ಮೂವರದು. ಆ ಸಿಟ್ಟನ್ನು ಬದಿಗಿಟ್ಟು ಅವರ ಎರಡು ಇಂಗ್ಲಿಷ್ ಪುಸ್ತಕಗಳನ್ನು ಓದಿದೆ.

ಮೊದಲನೆಯದು 1953ರ ‘ಏಷ್ಯಾ ಅಂಡ್ ವೆಸ್ಟರ್ನ್ ಡಾಮಿನನ್ಸ್’. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಇಳಿದಂದಿನಿಂದ 1945ರವರೆಗಿನದೆಲ್ಲ ಒಂದೇ ಯುಗ, ಅದರ ಬೀಗದ ಕೈ ಸಮುದ್ರದಲ್ಲಿದೆ ಎಂಬುದು ಅವರ ವಾದ. ಕಡಲನ್ನು ಹಿಡಿದವನು ವ್ಯಾಪಾರವನ್ನು ಹಿಡಿದ, ವ್ಯಾಪಾರ ಹಿಡಿದವನು ರಾಜ್ಯವನ್ನು ಹಿಡಿದ. ದೆಹಲಿಯ ಸಿಂಹಾಸನಗಳ ಪಟ್ಟಿಯನ್ನೇ ಚರಿತ್ರೆಯೆಂದು ಬಾಯಿಪಾಠ ಮಾಡಿದ್ದ ನನಗೆ ಭೂಪಟವನ್ನು ಹೊಸ ದಿಕ್ಕಿನಿಂದ ನೋಡಿದಂತಾಯಿತು.

ಎರಡನೆಯದು 1955ರ ‘ಇನ್ ಟೂ ಚೈನಾಸ್’. ಬಿಕಾನೇರಿನ ದಿವಾನಗಿರಿ ಮಾಡಿ, 1947ರಲ್ಲಿ ಆ ಸಂಸ್ಥಾನದ ಪರವಾಗಿ ಸಂವಿಧಾನ ಸಭೆಯಲ್ಲಿ ಕುಳಿತ ಈ ಚರಿತ್ರಕಾರರು 1948ರಲ್ಲಿ ಚೀನಕ್ಕೆ ರಾಯಭಾರಿಯಾಗಿ ಹೋದರು. ಕಣ್ಣೆದುರಿಗೇ ಅಲ್ಲಿ ಸರಕಾರ ಬದಲಾಯಿತು. 1950ರ ಅಕ್ಟೋಬರಿನ ಒಂದು ನಡುರಾತ್ರಿ ಚೌ ಎನ್‌ಲಾಯ್ ಅವರನ್ನು ಕರೆಸಿಕೊಂಡು, ಅಮೆರಿಕದ ಸೈನ್ಯ 38ನೆಯ ಅಕ್ಷಾಂಶ ದಾಟಿದರೆ ಚೀನ ಸುಮ್ಮನಿರದೆಂದು ತಿಳಿಸಿದರು. ಪಣಿಕ್ಕರರು ಆ ಎಚ್ಚರಿಕೆಯನ್ನು ತಲುಪಿಸಿದರು, ವಾಷಿಂಗ್ಟನ್ ನಂಬಲಿಲ್ಲ. ತಿಂಗಳು ಮುಗಿಯುವ ಮುನ್ನವೇ ಚೀನದ ಸೇನೆ ಕೊರಿಯದಲ್ಲಿ ಕಾದಾಡುತ್ತಿತ್ತು.

ಅದೇ ಅಕ್ಟೋಬರಿನಲ್ಲಿ ಚೀನದ ಸೇನೆ ಟಿಬೆಟಿನೊಳಕ್ಕೂ ನುಗ್ಗಿತು. ನಮ್ಮ ರಾಯಭಾರಿ ಚೀನದ ನಡತೆಗೆ ಸಮರ್ಥನೆ ಹುಡುಕುತ್ತಿದ್ದಾರೆಂದು ಸರ್ದಾರ್ ಪಟೇಲರು ನವೆಂಬರ್ 7ರಂದು ನೆಹರೂಗೆ ಬರೆದರು. ಪುಸ್ತಕದಲ್ಲಿ ಕೊರಿಯದ ಆ ರಾತ್ರಿಗಿರುವ ಕಳೆ ಟಿಬೆಟಿನ ಮಾತು ಬಂದಾಗ ಇಲ್ಲ.

ಇದನ್ನು ಬರೀ ಪಕ್ಷಪಾತವೆನ್ನಲಾರೆ. ಪಾಶ್ಚಾತ್ಯರ ಯುಗ ಮುಗಿಯಿತು, ಹೊಸ ಚೀನ ಏಷ್ಯದ ಉದಯವೆಂದು ಚರಿತ್ರಕಾರರು ಮೊದಲೇ ಗೆರೆ ಎಳೆದಿದ್ದರು. ಕೊರಿಯ ಆ ಗೆರೆಯ ಮೇಲೆ ಕೂತಿತು, ಟಿಬೆಟ್ ಕೂರಲಿಲ್ಲ. ಬಿ.ಎಸ್‌ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ನಮ್ಮ ಮೇಷ್ಟರು ಹೇಳುತ್ತಿದ್ದರು: ಗೆರೆಗೆ ಹೊಂದದ ಬಿಂದುವನ್ನು ಅಳಿಸಬೇಡಿ, ಗೆರೆಯನ್ನೇ ಇನ್ನೊಮ್ಮೆ ನೋಡಿ. ನಾನೂ ಬಿಂದು ಅಳಿಸಿದವನೇ. ಆದರೆ ನನ್ನ ತಪ್ಪಿಗೆ ಹೋದದ್ದು ಎರಡು ಅಂಕ ಮಾತ್ರ.

1962ರ ಯುದ್ಧವನ್ನೂ ಕಂಡ ಪಣಿಕ್ಕರರು, ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗಲೇ 1963ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಕೊನೆಯ ಉಸಿರು ಕನ್ನಡದ ನೆಲದ ಮೇಲೆ. ಓದುಗರು ಎರಡು ಪುಸ್ತಕಗಳನ್ನೂ ಒಂದರ ಬೆನ್ನಿಗೊಂದು ಓದಬೇಕು. ಮೊದಲನೆಯದು ದೂರಕ್ಕೆ ನೋಡುವುದನ್ನು ಕಲಿಸುತ್ತದೆ. ದೂರ ನೋಡುವವನು ಕಾಲ ಬುಡದಲ್ಲಿ ಏನನ್ನು ಕಾಣದೆ ಹೋಗಬಹುದೆಂಬುದನ್ನು ಎರಡನೆಯದು, ತನಗೇ ತಿಳಿಯದಂತೆ, ತೋರಿಸುತ್ತದೆ.