ಪಲ್ಲವಿ ಎಲ್ಲರಿಗೂ, ಚರಣ ಯಾರಿಗೆ?

ಒಮ್ಮೆ ಕೇಳಿದರೆ ನಾಲಿಗೆಗೆ ಅಂಟಿಕೊಳ್ಳುವ ಹಾಡನ್ನು ಕಂಡರೆ ನಮ್ಮ ಸಾಹಿತ್ಯದವರಿಗೆ ಸ್ವಲ್ಪ ಅನುಮಾನ. ಅಷ್ಟು ಸುಲಭಕ್ಕೆ ಒಲಿದದ್ದರಲ್ಲಿ ಆಳ ಎಲ್ಲಿಂದ ಬರಬೇಕು ಎಂಬುದು ಆ ಅನುಮಾನದ ತಿರುಳು. ಅದನ್ನು ಪರೀಕ್ಷೆಗೆ ಒಡ್ಡಲು ನನ್ನ ಬಳಿ ಒಂದು ಹಾಡಿದೆ: 2008ರಲ್ಲಿ ಬಂದ ‘ರಘು ದೀಕ್ಷಿತ್ ಪ್ರಾಜೆಕ್ಟ್’ನ ಮೊದಲ ಆಲ್ಬಮ್ಮಿನ ‘ಗುಡುಗುಡಿಯ ಸೇದಿ ನೋಡೊ’.

ಈ ಹಾಡು ನನಗೆ ಸಿಕ್ಕಿದ್ದು ಕನ್ನಡದವರಿಂದಲ್ಲ. ಚೆಂಬೂರಿನ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಒಬ್ಬ ಮಲಯಾಳಿ ಹುಡುಗನಿದ್ದ, ಇಂಜಿನಿಯರಿಂಗ್ ಓದುತ್ತಿದ್ದವನು. ಮೆಟ್ಟಿಲಿಳಿಯುವಾಗ ಅವನ ಬಾಯಲ್ಲಿ ‘ಗುಡುಗುಡಿಯಾ’ ಎಂಬ ಸದ್ದು. ತಡೆದು ಕೇಳಿದೆ. “ಅಂಕಲ್, ಇದು ನಿಮ್ಮ ಭಾಷೆಯದೇ ಅಲ್ವಾ? ಅರ್ಥ ಏನು?” ಎಂದು ಹಿಂದಿಯಲ್ಲಿ ನನ್ನನ್ನೇ ತಿರುಗಿ ಕೇಳಿದ. ಹಾವೇರಿ ಕಡೆಯ ನಾನು ಭಜನಿ ಮೇಳದಲ್ಲಿ ಕೇಳಿ ಬೆಳೆದ ಶರೀಫಜ್ಜನ ಪದವನ್ನು, ಅದರ ಒಂದು ಅಕ್ಷರವೂ ತಿಳಿಯದ ಹುಡುಗನೊಬ್ಬ ಗುನುಗುತ್ತಿದ್ದ. ಅಂದು ರಾತ್ರಿಯೇ ಅವನ ಸಿ.ಡಿ. ತಂದು ಕೇಳಿದೆ.

ಆಲ್ಬಮ್ಮಿನ ಹುಟ್ಟಿಗೂ ಮುಂಬಯಿಗೂ ನಂಟಿದೆ. ರಘು ದೀಕ್ಷಿತ್ 1974ರಲ್ಲಿ ಹುಟ್ಟಿದ್ದು ನಾಶಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ‘ಅಂತರಾಗ್ನಿ’ ಎಂಬ ತಂಡ ಕಟ್ಟಿ, ಆಮೇಲೆ ಯಾರು ಬೇಕಾದರೂ ಬಂದು ಸೇರಬಹುದಾದ ತೆರೆದ ಮನೆಯಂಥ ‘ಪ್ರಾಜೆಕ್ಟ್’ ಮಾಡಿದವರು. ಕಡೆಗೆ ಆಲ್ಬಮ್ ಹೊರತಂದದ್ದು ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಲೇಬಲ್. ಮುಂಬಯಿಯಲ್ಲಿ ಕೂತು ಪವಾಡಕ್ಕಾಗಿ ಕಾಯುವವನ ಇಂಗ್ಲಿಷ್ ಹಾಡೂ ಅದರಲ್ಲಿದೆ. ಈ ಊರಿಗೆ ಟ್ರಂಕು ಹಿಡಿದು ಬಂದ ನಮಗೆ ಯಾರಿಗೂ ಆ ಹಾಡನ್ನು ವಿವರಿಸಬೇಕಿಲ್ಲ.

ಸಿನಿಮಾದ ಹಂಗಿಲ್ಲದ ಪಾಪ್ ಹಾಡು ಚೆಂಬೂರಿಗೆ ಹೊಸದೇನಲ್ಲ. ಇಲ್ಲೇ ಬೆಳೆದ ಶಂಕರ್ ಮಹಾದೇವನ್ 1998ರಲ್ಲಿ ‘ಬ್ರೆತ್‌ಲೆಸ್’ ಹಾಡಿ ದೇಶದ ಉಸಿರು ಹಿಡಿಸಿದ್ದರು. ಆದರೆ ಅದು ಬೆರಗಾಗುವ ಹಾಡು, ಕೇಳುವವನು ಜೊತೆಗೂಡಲಾರ. ‘ಗುಡುಗುಡಿ’ ಇದಕ್ಕೆ ತದ್ವಿರುದ್ಧ. ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ನೀವು ಹಾಡುತ್ತಿರುತ್ತೀರಿ. ಗಿಟಾರು, ಡ್ರಮ್ಮು ಎಲ್ಲವೂ ಆ ಒಂದು ಸಾಲಿನ ಸುತ್ತ ತಿರುಗುತ್ತವೆ.

ಇದನ್ನು ಪಾಶ್ಚಾತ್ಯ ರಾಕ್ ತತ್ವಪದದ ಮೇಲೆ ಮಾಡಿದ ಸವಾರಿ ಎಂದು ಬೈದವರನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ತತ್ವಪದದ ಕಟ್ಟಡವೇ ಹಾಗಿದೆ. ಮುಂದಾಳು ಚರಣ ಹಾಡುತ್ತಾನೆ, ಹಿಮ್ಮೇಳ ಪಲ್ಲವಿ ಎತ್ತಿಕೊಳ್ಳುತ್ತದೆ, ದಮ್ಮಡಿ ಏಟು ಹಾಕುತ್ತದೆ. ಅಕ್ಷರ ಬಾರದವರ ಬಾಯಿಂದ ಬಾಯಿಗೆ ದಾಟಬೇಕಾದ ಹಾಡು ಅಂಟಿಕೊಳ್ಳದೆ ಹೋದರೆ ಉಳಿಯುವುದಾದರೂ ಹೇಗೆ? ಶಿಶುನಾಳದ ಶರೀಫರು (1819–1889) ಬದುಕಿದ್ದ ಕಾಲಕ್ಕೆ ನಮ್ಮ ಕಡೆ ಧ್ವನಿಮುದ್ರಣ ಬಂದಿರಲಿಲ್ಲ. ಅವರ ಪದ ಇಪ್ಪತ್ತೊಂದನೇ ಶತಮಾನಕ್ಕೆ ಬಂದದ್ದು ಈ ಅಂಟುಗುಣದಿಂದಲೇ. ರಘು ದೀಕ್ಷಿತ್ ಅದಕ್ಕೆ ಹೊರಗಿನಿಂದ ಏನನ್ನೂ ಅಂಟಿಸಿಲ್ಲ, ಒಳಗಿದ್ದುದರ ದನಿ ಏರಿಸಿದ್ದಾರೆ.

ನನ್ನ ತಕರಾರು ಬೇರೆ. ಈ ಪದದ ಪಲ್ಲವಿ ಕರೆಯುತ್ತದೆ, ಚರಣ ಹೇಳುತ್ತದೆ. ಹುಕ್ಕಾ ಸೇದಲು ಕರೆದು, ಬಂದು ಕೂತವನಿಗೆ ಮನಸ್ಸೇ ಸಂಚಿ, ಅದರೊಳಗಿನ ಮೋಹ ಮತ್ಸರಗಳೇ ಕೊಚ್ಚಿ ಸುಡಬೇಕಾದ ಸೊಪ್ಪು ಎಂದು ಒಂದೊಂದಾಗಿ ತೋರಿಸುವುದು ಶರೀಫರ ಜಾಣತನ. ಹೊಗೆಯ ಆಸೆಗೆ ಬಂದವನು ಬೆತ್ತಲಾಗಿ ಹೋಗುತ್ತಾನೆ. ಪಲ್ಲವಿ ಗಾಳವಾದರೆ ಚರಣ ಅದರ ಕೊಕ್ಕೆ. ಈ ಬ್ಯಾಂಡಿನ ಹಾಡಿಕೆಯಲ್ಲಿ ಚರಣಗಳು ಇಲ್ಲವೆಂದಲ್ಲ, ಉಚ್ಚಾರವೂ ಸ್ವಚ್ಛವಾಗಿಯೇ ಇದೆ. ಆದರೆ ಲಯದ ಒತ್ತಡ ಎಷ್ಟಿದೆಯೆಂದರೆ, ಕಿವಿ ಚರಣವನ್ನು ಮುಂದಿನ ಪಲ್ಲವಿಗೆ ಹೋಗುವ ದಾರಿಯೆಂದಷ್ಟೇ ಗ್ರಹಿಸುತ್ತದೆ. ನಮ್ಮ ಬಿಲ್ಡಿಂಗಿನ ಹುಡುಗನಿಗೆ ಅದು ನಶೆಯ ಹಾಡು. ನಶೆ ಇಳಿಸುವ ಹಾಡೆಂದು ಹೇಳಿದಾಗ ಅವನು ನಕ್ಕುಬಿಟ್ಟ.

ಅದೇ ಆಲ್ಬಮ್ಮಿನಲ್ಲಿ ಸೋರುವ ಮಾಳಿಗೆಯ ಪದವೂ ಇದೆ. 1990ರ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಸಿ. ಅಶ್ವಥ್ ಹಾಡಿದ್ದು ಅದೇ ಪದ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಅಶ್ವಥ್ ದನಿಯಲ್ಲಿ ಮಾತು ಮುಂದೆ, ತಾಳ ಹಿಂದೆ. ಮನೆ ಸೋರುತ್ತಿದೆ ಎನ್ನುವುದು ಎದೆಗೆ ತಟ್ಟಿದ ಮೇಲೆಯೇ ರಾಗ ನೆನಪಾಗುತ್ತದೆ. ಇಲ್ಲಿ ತಾಳ ಮುಂದೆ. ಮೈ ಮೊದಲು ಅಲ್ಲಾಡುತ್ತದೆ, ಮನೆಯ ನೆನಪು ಆಮೇಲೆ, ಬಂದರೆ ಬರುತ್ತದೆ. ಜುಲೈ ಮಳೆಯಲ್ಲಿ ಛಾವಣಿಗೆ ನೀಲಿ ತಾಡಪಾಲು ಹೊದಿಸಿ ಕೂತ ಚೆಂಬೂರಿನ ಹಳೆಯ ಚಾಳಿನವರಿಗೆ ಈ ಪದ ಕುಣಿಯುವುದಕ್ಕಿಂತ ಹೆಚ್ಚಿನದನ್ನು ಹೇಳಬಲ್ಲದು.

ಹಾಗಿದ್ದೂ ನಾನು ಈ ಆಲ್ಬಮ್ಮಿನ ಪರ. ಕಾರಣ ನನ್ನ ಮಗಳು. ಚೆಂಬೂರಿನಲ್ಲೇ ಹುಟ್ಟಿದ ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮನೆಯಲ್ಲಿ ಆಡುತ್ತಾಳೆ: ಊಟ ಆತೇನು, ಯಾವಾಗ ಬರ್ತಿ, ಫೋನ್ ಹಚ್ಚು. ಯೋಚಿಸಿದರೆ ಅದೂ ಪಲ್ಲವಿಯೇ. ದಿನಾ ತಿರುತಿರುಗಿ ಬರುವ ನಾಲ್ಕು ಮಾತು. ನಗರಕ್ಕೆ ಬಂದ ನಾವು ಮಕ್ಕಳಿಗೆ ದಾಟಿಸಿದ್ದು ಭಾಷೆಯ ಪಲ್ಲವಿಯನ್ನು ಮಾತ್ರ, ಚರಣವನ್ನು ಊರಲ್ಲೇ ಬಿಟ್ಟುಬಂದಿದ್ದೇವೆ. ಆಷಾಢದ ಒಂದು ಸಂಜೆ ಅವಳು ಇಯರ್‌ಫೋನ್ ತೆಗೆದು, “ಅಪ್ಪಾ, ಸಂಚಿ ಅಂದ್ರ ಏನು?” ಎಂದಳು. ಗಮನಿಸಿ, ಅವಳು ಕೇಳಿದ್ದು ಪಲ್ಲವಿಯ ಶಬ್ದವನ್ನಲ್ಲ, ಚರಣದ್ದನ್ನು. ನನ್ನ ಅಜ್ಜಿಯ ಸೊಂಟದಲ್ಲಿದ್ದ ಎಲೆ-ಅಡಿಕೆಯ ಚೀಲವನ್ನು ನಾನು ವಿವರಿಸಬೇಕಾಯಿತು. ಅಲ್ಲಿಂದ ಮಾತು ಮನಸ್ಸೆಂಬ ಸಂಚಿಗೆ ಹೋಗಲು ಅರ್ಧ ಗಂಟೆ ಹಿಡಿಯಿತು. ನಾನು ಕೊಡಿಸಿದ ಯಾವ ಕನ್ನಡ ಪುಸ್ತಕವೂ ಅವಳಿಂದ ಅಂಥದೊಂದು ಪ್ರಶ್ನೆ ಹೊರಡಿಸಿರಲಿಲ್ಲ.

ಆದ್ದರಿಂದ ವಿಮರ್ಶಕನಾಗಿ ನನ್ನ ತೀರ್ಪು ಇಷ್ಟು. ‘ಗುಡುಗುಡಿ’ ಆಲ್ಬಮ್ಮಿನ ಅತ್ಯುತ್ತಮ ಹಾಡು, ಏಕೆಂದರೆ ಅಲ್ಲಿ ಅಂಟುಗುಣ ಪದದ ಒಳಗಿನದೇ. ಮಾಳಿಗೆಯ ಪದ ಅದಕ್ಕಿಂತ ಕೆಳಗೆ, ಏಕೆಂದರೆ ಅಲ್ಲಿ ನಿಲ್ಲಬೇಕಾದ ಕಡೆ ಲಯ ನಿಲ್ಲುವುದಿಲ್ಲ. ಹೊಸದಾಗಿ ತತ್ವಪದ ಎತ್ತಿಕೊಳ್ಳುವ ಬ್ಯಾಂಡುಗಳಿಗೆ ನನ್ನದೊಂದು ಕೋರಿಕೆ: ಒಂದೇ ಒಂದು ಚರಣಕ್ಕಾದರೂ ಡ್ರಮ್ಮನ್ನು ಸುಮ್ಮನಿರಿಸಿ. ಕೇಳುಗರಿಗೂ ಒಂದಿದೆ: ಮಕ್ಕಳು ಹಾಡುವ ಪಲ್ಲವಿಯನ್ನು ಗದ್ದಲವೆಂದು ಬೈಯಬೇಡಿ. ಹತ್ತಿರ ಕೂತು, ಮುಂದಿನ ಸಾಲು ನಿಮಗೆ ಬರುತ್ತದೆಯೇ ನೋಡಿಕೊಳ್ಳಿ.