ಒಂದು ಉಬ್ಬಿಗೆ ಸಂದ ಕೀರ್ತಿ

2023ರ ಮಾರ್ಚ್ 7ರಂದು ಫರ್ಮಿ ಉಪಗ್ರಹದ ಕಣ್ಣಿಗೆ ಬಿದ್ದ ಗಾಮಾ ಕಿರಣ ಸ್ಫೋಟದ ಬಗ್ಗೆ, ಅದರ ಜಾಡು ಹಿಡಿದ ಜೇಮ್ಸ್ ವೆಬ್ ದೂರದರ್ಶಕದ ಬಗ್ಗೆ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಐವತ್ತು ವರ್ಷಗಳಲ್ಲಿ ಕಂಡ ಎರಡನೆಯ ಅತಿ ಪ್ರಖರ ಸ್ಫೋಟ, ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ, ಅಲ್ಲಿ ಹುಟ್ಟಿದ ಭಾರ ಧಾತುಗಳು: ಇದಿಷ್ಟೂ ವಿಜ್ಞಾನ ಪುಟಗಳಲ್ಲಿ ಸವೆದ ಸುದ್ದಿ. ಹೊಗಳಿಕೆ ಸಲ್ಲಬೇಕಾದ್ದೇ, ಸಂದದ್ದು ಮಾತ್ರ ತಪ್ಪು ಜಾಗಕ್ಕೆ.

ಎಲ್ಲರೂ ಮುಗಿಬಿದ್ದದ್ದು ರೋಹಿತದ ಒಂದು ಉಬ್ಬಿನ ಮೇಲೆ. ಸ್ಫೋಟವಾಗಿ 29 ದಿನಗಳ ಮೇಲೆ ವೆಬ್ ತೆಗೆದ ಅವಕೆಂಪು ರೋಹಿತದಲ್ಲಿ, 2.15 ಮೈಕ್ರಾನ್ ಬಳಿ ಅದು ಎದ್ದು ನಿಂತಿದೆ. ಆಂಡ್ರ್ಯೂ ಲೆವನ್ ಮತ್ತು ಸಂಗಡಿಗರು ‘ನೇಚರ್’ ಪ್ರಬಂಧದಲ್ಲಿ ಅದನ್ನು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಟೆಲ್ಯೂರಿಯಂನ ಹೊಳಪೆಂದು ಓದಿದರು. ಒಪ್ಪಬಹುದಾದ ಓದು. ಆದರೂ ಉಬ್ಬನ್ನು ತುಸು ಹತ್ತಿರದಿಂದ ನೋಡಿ. ಸಿಡಿದ ವಸ್ತು ಬೆಳಕಿನ ವೇಗದ ನೂರರಲ್ಲಿ ಹಲವು ಪಾಲು ವೇಗದಿಂದ ನಾಲ್ಕೂ ಕಡೆ ಹರಡುತ್ತಿರುವುದರಿಂದ ರೇಖೆ ಅಗಲವಾಗಿ ಕದಡಿಹೋಗಿದೆ. ಬೇರೆ ಧಾತುವಿನ ರೇಖೆ ಅದರೊಳಗೆ ಸೇರಿಕೊಂಡಿದ್ದರೆ ಬಿಡಿಸಿ ತೆಗೆಯುವುದು ಕಷ್ಟ. ಭಾರ ಧಾತುಗಳ ಅಯಾನುಗಳು ಅವಕೆಂಪಿನಲ್ಲಿ ಎಲ್ಲೆಲ್ಲಿ ಹೊಳೆಯುತ್ತವೆಂಬ ಪಟ್ಟಿಯೇ ಇನ್ನೂ ಅರೆಬರೆ. ಮೇಲಾಗಿ, ಒಂಟಿ ರೇಖೆಗೆ ಹೆಸರಿಡಬೇಕಾದರೆ ಮೊದಲು ದೂರ ಗೊತ್ತಿರಬೇಕು. ಇಲ್ಲಿ ದೂರ ಸಿಕ್ಕಿದ್ದು, ಸ್ಫೋಟದ ಜಾಗದಿಂದ ಸುಮಾರು 1,20,000 ಜ್ಯೋತಿರ್ವರ್ಷ ಆಚೆಗಿರುವ ಗೆಲಾಕ್ಸಿಯೊಂದನ್ನು ಅದರ ತವರೆಂದು ಒಪ್ಪಿಕೊಂಡಿದ್ದರಿಂದ. ಇನ್ನು 2017ರಲ್ಲಿ ಕಂಡ ನ್ಯೂಟ್ರಾನ್ ನಕ್ಷತ್ರಗಳ ಇನ್ನೊಂದು ಡಿಕ್ಕಿಯ ಆಸರೆ: ಅದರ ರೋಹಿತದಲ್ಲೂ 2.1 ಮೈಕ್ರಾನ್ ಆಸುಪಾಸು ಇಂಥದೇ ಉಬ್ಬಿತ್ತು, ಹೊಟೊಕೆಝಾಕ ತಂಡ ಅದಕ್ಕೂ ಟೆಲ್ಯೂರಿಯಂ ಎಂದೇ ಹೆಸರಿಟ್ಟಿತ್ತು. ಒಂದು ಊಹೆಗೆ ಇನ್ನೊಂದು ಊಹೆ ಜಾಮೀನು ನಿಂತ ಹಾಗಾಯಿತು.

ಚಿನ್ನ ಸಿಕ್ಕಿತೆಂಬ ಮಾತಂತೂ ಬಿಡಿ. ನ್ಯೂಟ್ರಾನುಗಳನ್ನು ಸರಸರನೆ ನುಂಗಿ ಬೆಳೆಯುವ ಧಾತುಗಳಲ್ಲಿ ಟೆಲ್ಯೂರಿಯಂ ಇಳುವರಿ ಏರುವ ಎರಡನೆಯ ಶಿಖರದ್ದು, ಪರಮಾಣು ತೂಕ 130ರ ಸುತ್ತಮುತ್ತ. ಚಿನ್ನ, ಪ್ಲಾಟಿನಂ ಇರುವುದು 195ರ ಬಳಿಯ ಮೂರನೆಯ ಶಿಖರದಲ್ಲಿ. ಎರಡನ್ನು ಹತ್ತಿದವರು ಮೂರನ್ನೂ ಹತ್ತಿದರೆಂದು ಈ ಉಬ್ಬು ಹೇಳುವುದಿಲ್ಲ. ಹೇಳಿದ್ದು ತಲೆಬರಹ ಬರೆದವರು.

ಪ್ರಬಂಧದ ನಿಜವಾದ ಬಲ ಯಾರೂ ಕೊಂಡಾಡದ ಕಡೆ ಇದೆ. ಒಂದೊಂದು ಶೋಧಕದ ಮೂಲಕ ಬೆಳಕನ್ನು ಅಳೆಯುವ ಹಳೇ ಕಸುಬು ಅದು. ತಿಂಗಳು ಕಳೆಯುವ ಹೊತ್ತಿಗೆ ಆ ಚುಕ್ಕೆ 1 ಮೈಕ್ರಾನ್ ಬಳಿ ಹೆಚ್ಚುಕಡಿಮೆ ಆರಿತ್ತು, 4.4 ಮೈಕ್ರಾನಿನಲ್ಲಿ ಹತ್ತಾರು ಪಟ್ಟು ಪ್ರಖರವಾಗಿತ್ತು. 61ನೇ ದಿನ ಮತ್ತೆ ನೋಡಿದಾಗ ಇನ್ನಷ್ಟು ಮಸುಕಾಗಿತ್ತು. ಇಷ್ಟು ಕೆಂಪಾಗಿ, ಇಷ್ಟು ಬೇಗ ಇಳಿಯುವುದು ಮಾಮೂಲಿ ಸೂಪರ್‌ನೋವಾದ ನಡೆಯಲ್ಲ, ಅಂಥ ಡಿಕ್ಕಿಯ ಬಳಿಕ ಬೆಳಗುವ ಕಿಲೋನೋವಾದ್ದು. ಉಬ್ಬಿಗೆ ನಾಳೆ ಬೇರೆ ಹೆಸರು ಬಂದರೂ ಈ ಅಳತೆಗಳಿಗೆ ಧಕ್ಕೆಯಿಲ್ಲ.

ಹಾಗೆಂದು, ಇದು ಡಿಕ್ಕಿಯೇ ಎಂದು ಶಂಕಿಸುವ ಸಂಶಯವಾದಿಗಳ ಪಾಳೆಯಕ್ಕೂ ನಾನು ಸೇರುವವನಲ್ಲ. ಅವರ ಆಯುಧ, ಸ್ಫೋಟದ ಮಗ್ಗುಲಲ್ಲೇ ವೆಬ್ ಕಂಡ ಬಲು ದೂರದ ಮಸುಕು ಗೆಲಾಕ್ಸಿ. ಅದರ ಕೆಂಪುಪಲ್ಲಟ 3.87. ತವರು ಅದೇ ಎಂದಾದರೆ ಸ್ಫೋಟದ ಶಕ್ತಿ ಈವರೆಗಿನ ಯಾವ ದಾಖಲೆಗೂ ನಿಲುಕದಷ್ಟಾಗುತ್ತದೆ, ಕೆಂಪಾಗಿ ಇಳಿದ ಬೆಳಕಿಗೆ ವಿವರಣೆಯೂ ಉಳಿಯುವುದಿಲ್ಲ. ಡಿಕ್ಕಿಯಾದರೆ ಏಳಬೇಕಾದ ಗುರುತ್ವದ ಅಲೆಯ ಸಾಕ್ಷಿ ಎಲ್ಲಿ ಎಂಬ ಪ್ರಶ್ನೆ ಇನ್ನೂ ಬಡವು: ಅಂಥ ಅಲೆಗಳನ್ನು ಹಿಡಿಯುವ ಲೈಗೊ ತನ್ನ ನಾಲ್ಕನೇ ಸುತ್ತಿನ ವೀಕ್ಷಣೆ ಶುರುಮಾಡಿದ್ದೇ ಆ ವರ್ಷದ ಮೇ 24ಕ್ಕೆ.

ನನಗೆ ಹೆಚ್ಚು ಕಿರಿಕಿರಿ ಮಾಡುವುದು ಇನ್ನೊಂದು ಗುಂಪು. ಎರಡು ಸೆಕೆಂಡಿಗಿಂತ ಉದ್ದದ ಸ್ಫೋಟವೆಂದರೆ ಕುಸಿದ ದೈತ್ಯ ನಕ್ಷತ್ರ ಎಂಬ ಹಳೇ ಗಡಿಯನ್ನು ಈ ಸ್ಫೋಟದ ಮೂಲಕ ಮುರಿದದ್ದು ವೆಬ್ ಎಂದು ಇವರು ಬರೆಯುತ್ತಾರೆ. ಆದರೆ ಗಡಿ ಅದಕ್ಕೂ ಮುಂಚೆಯೇ ಮುರಿದಿತ್ತು. 2021ರ ಡಿಸೆಂಬರ್ 11ರ ಸ್ಫೋಟ ಸುಮಾರು ಒಂದು ನಿಮಿಷ ಹೊಳೆದಿತ್ತು. ಅದರ ಹಿಂದೆ ಕಿಲೋನೋವಾ ಇದೆಯೆಂದು ರಸ್ತಿನೆಜಾದ್ ತಂಡ ತೋರಿಸಿದ್ದು ಹವಾಯಿಯ ಜೆಮಿನಿ ದೂರದರ್ಶಕದ ಅವಕೆಂಪು ಚಿತ್ರಗಳ ಬಲದಿಂದ. ಅಂದರೆ ನೆಲದ ಮೇಲಿನ ಕನ್ನಡಿಯಿಂದ. 2023ರಲ್ಲೂ ವೆಬ್‌ಗೆ ದಾರಿ ತೋರಿದ್ದು ಚಿಲಿಯ ಲಾ ಸಿಲ್ಲಾದಲ್ಲಿ 3.5 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ಅಲ್ಟ್ರಾಕ್ಯಾಮ್. ಆ ಬಿಂದುವನ್ನು ಅದು ಹೆಕ್ಕಿ ಕೊಡದಿದ್ದರೆ 29ನೇ ದಿನ ವೆಬ್ ಎತ್ತ ತಿರುಗಬೇಕಿತ್ತೆಂದು ಈ ಲೇಖಕರಲ್ಲಿ ಯಾರೂ ಕೇಳಿದಂತಿಲ್ಲ.